ಎಲ್ಲಿಗೆ ಅಂತ ಕೇಳಿದ ಚಳಿಗಾಲ

ಈ ಸಲ ನಾನು ರಾಮನಗರಕ್ಕೆ ಬಂದದ್ದು ಒಂದು ಬಸ್ಸು ನೋಡುವುದಕ್ಕೆ. ಹಾಗಂತ ಹೇಳಿದಾಗ ನನ್ನ ಗಂಡ ನಕ್ಕೇ ನಕ್ಕರು. "ಬೆಂಗಳೂರಲ್ಲಿ ಬಸ್ಸಿಗೇನು ಬರವಾ? ಬಾಲ್ಕನೀಲಿ ನಿಂತರೆ ಬೇಕಾದಷ್ಟು ಕಾಣುತ್ತವಲ್ಲ" ಅಂದರು. ಅವರನ್ನು ಕೂರಿಸಿಕೊಂಡು ವಿವರಿಸುವುದಕ್ಕಿಂತ ಹೋಗಿ ಬರುವುದೇ ಸುಲಭ ಅನ್ನಿಸಿತು.

ನಿಲ್ದಾಣದಲ್ಲಿ ಇಳಿದು ಟೀ ಅಂಗಡಿ ಹುಡುಕುತ್ತಿದ್ದಾಗ ಗಾಳಿ ತಿರುಗಿ ಗೂಡು ಬೇಯುವ ವಾಸನೆ ಬಂತು. ಈ ಊರಿನಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳು ಬೀದಿಬೀದಿಗೂ ಇವೆ. ಬಿಸಿನೀರಿನಲ್ಲಿ ಗೂಡು ಬೆಂದಾಗ ಒಳಗಿರುವ ಹುಳವೂ ಬೇಯುತ್ತದೆ. ಹೊಸಬರು ಕರ್ಚೀಫು ಹುಡುಕುತ್ತಾರೆ. ಪಕ್ಕದ ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದ ನನಗೆ ಇದು ಕೆಟ್ಟ ವಾಸನೆ ಅಂತ ಗೊತ್ತಾದದ್ದೇ ಬೆಂಗಳೂರಿನ ಕಾಲೇಜಿಗೆ ಸೇರಿ, ಗೆಳತಿಯರನ್ನು ಒಮ್ಮೆ ಊರಿಗೆ ಕರೆತಂದ ಮೇಲೆ. ಅವರು ಮೂಗು ಹಿಡಿದುಕೊಂಡರು, ನನಗೆ ಹಸಿವಾಯಿತು. ಈಗಲೂ ಹಾಗೆಯೇ. ಆ ವಾಸನೆ ಬಂದರೆ ಮುದ್ದೆ, ಹಿದಕವರೆ ಸಾರು, ದೊಡ್ಡಮ್ಮನ ಅಡುಗೆಮನೆ, ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಈ ಸಲ ಅವುಗಳ ಹಿಂದೆಯೇ ಆ ಒಂದು ಚಳಿಗಾಲವೂ ಬಂತು.

ಕೆಲವು ವರ್ಷಗಳ ಹಿಂದಿನ ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ತಾಲ್ಲೂಕುಗಳಿಗೆ ಸೇರಿಸಿ ಮುಂದಿನ ಇಪ್ಪತ್ತು ವರ್ಷದ ಸಾರಿಗೆ ಯೋಜನೆಯೊಂದನ್ನು ಸರ್ಕಾರ ಮಾಡಿಸುತ್ತಿತ್ತು. ಯಾವ ರಸ್ತೆ ಅಗಲವಾಗಬೇಕು, ಎಲ್ಲಿ ಹೊಸದು ಬೇಕು, ಯಾವ ಊರಿಂದ ಯಾವ ಊರಿಗೆ ಬಸ್ಸು ಓಡಬೇಕು ಅನ್ನುವುದೆಲ್ಲ ಅದರಲ್ಲಿ ತೀರ್ಮಾನವಾಗಬೇಕಿತ್ತು. ತೀರ್ಮಾನಕ್ಕೆ ಮೊದಲು ಜನ ಈಗ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಅಂತ ತಿಳಿಯಬೇಕಲ್ಲ? ಆ ಸರ್ವೆಗೆ ನಾನು ಮೇಲ್ವಿಚಾರಕಿ. ಕಾಯಂ ಕೆಲಸವಲ್ಲ, ಯೋಜನೆ ಮುಗಿಯುವವರೆಗಿನ ಗುತ್ತಿಗೆ. ನನ್ನ ಕೈಕೆಳಗೆ ಆಗಷ್ಟೇ ಓದು ಮುಗಿಸಿದ ಒಂದು ಗುಂಪು ಹುಡುಗ ಹುಡುಗಿಯರು, ಒಂದು ಜೀಪು, ಅದಕ್ಕೆ ಸಿದ್ದರಾಜು ಅನ್ನುವ ಡ್ರೈವರು. ಮಗಳನ್ನು ಗಂಡನ ಹತ್ತಿರ ಬಿಟ್ಟು ಆ ಮೂರು ನಾಲ್ಕು ತಿಂಗಳು ನಾನು ಚನ್ನಪಟ್ಟಣದ ದೊಡ್ಡಮ್ಮನ ಮನೆಯಲ್ಲಿ ಉಳಿದೆ. ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಅವರೆಕಾಯಿ ಕಾಲ ಬೇರೆ. ಸಂಜೆ ಆದರೆ ಎಲ್ಲರೂ ನಡುಮನೆಯಲ್ಲಿ ಕೂತು ನೆನೆಸಿದ ಕಾಳು ಹಿದುಕುವುದೇ ಕೆಲಸ. ನನ್ನ ಬೆರಳುಗಳಿಗೆ ಅಂಟಿದ ಸೊಗಡು ಸೋಪಿಗೂ ಬಗ್ಗುತ್ತಿರಲಿಲ್ಲ.

ಬೆಳಿಗ್ಗೆ ಬೇಗ ಹೊರಡುತ್ತಿದ್ದೆ. ಹೊಸ್ತಿಲು ದಾಟುವಾಗ ದೊಡ್ಡಮ್ಮ ಒಲೆ ಮುಂದಿನಿಂದಲೇ ಕೂಗುತ್ತಿದ್ದಳು. "ದೂರ ಹೊಂಟ್ಯಾ ಮಗ?"

"ಹೂಂ ದೊಡ್ಡಮ್ಮ, ದೂರ."

"ಆಯ್ತು, ಹೋಗ್ಬುಟ್ಟು ಬಾ."

ದಿನವೂ ಇದೇ ಮಾತು. ದಿನವೂ ಕೇಳುವ ಮಾತನ್ನು ಯಾರು ತಾನೇ ಕಿವಿಗೊಟ್ಟು ಕೇಳುತ್ತಾರೆ?

ಸರ್ವೆಯ ಕೆಲಸ ಮೇಲುನೋಟಕ್ಕೆ ಸುಲಭದ್ದು. ಬೆಳಗಿನ ಹೊತ್ತು ಜನ ಹೊರಡುವ ಜಾಗದಲ್ಲಿ, ಅಂದರೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಹಳ್ಳಿ ದಾರಿ ಮುಖ್ಯರಸ್ತೆಗೆ ಸೇರುವ ಗೇಟಿನಲ್ಲಿ, ಪೊಲೀಸರ ಸಹಾಯವಿದ್ದರೆ ರಸ್ತೆಯಲ್ಲೇ ನಿಂತು ಕೇಳುವುದು. ಮೊದಲ ಪ್ರಶ್ನೆ, 'ಎಲ್ಲಿಗೆ ಹೋಗುತ್ತಿದ್ದೀರಿ?' ಆಮೇಲೆ ಯಾಕೆ, ಹೇಗೆ, ವಾರಕ್ಕೆ ಎಷ್ಟು ಸಲ ಇತ್ಯಾದಿ. ಪ್ರಶ್ನೆಗಳ ನಮೂನೆ ಮೇಲಿನಿಂದ ಅಚ್ಚಾಗಿ ಬಂದಿತ್ತು.

ಮೊದಲ ವಾರವೇ ಕೆಂಗಲ್ ಹತ್ತಿರ ಗಲಾಟೆಯಾಯಿತು. ಹಳೇ ಮೈಸೂರು ರಸ್ತೆಯಲ್ಲಿ ಆಂಜನೇಯನ ದೇವಸ್ಥಾನ ದಾಟಿ ಒಂದು ಕಡೆ ನಮ್ಮವರು ನಿಂತಿದ್ದರು. ಒಂದು ಟೆಂಪೋ ಟ್ರಾವೆಲರ್ ಬಂತು. ಪೊಲೀಸಪ್ಪ ಕೈ ತೋರಿಸಿದ, ನಿಂತಿತು. ಒಳಗೆ ರೇಷ್ಮೆ ಸೀರೆಯ ಹೆಂಗಸರು, ಮಡಿಲಲ್ಲಿ ಹೂವು ಹಣ್ಣಿನ ತಟ್ಟೆ, ಮುಂದಿನ ಸೀಟಿನಲ್ಲಿ ಇಸ್ತ್ರಿ ಶರಟಿನ ಮದುವೆಗಂಡು. ಹೆಣ್ಣು ನೋಡಲು ಹೊರಟ ಗುಂಪು ಅಂತ ಯಾರಿಗಾದರೂ ಗೊತ್ತಾಗುವಂತಿತ್ತು. ನಮ್ಮ ಹುಡುಗಿ ಕಿಟಕಿಗೆ ಬಗ್ಗಿ ಮುದ್ದಾಗಿ ಕೇಳಿದಳು. "ಎಲ್ಲಿಗೆ ಹೋಗ್ತಿದ್ದೀರಾ ಸರ್?"

ಒಳಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿರಿಯರೊಬ್ಬರು ಬಾಗಿಲು ತೆಗೆದುಕೊಂಡು ಇಳಿದರು. "ಒಳ್ಳೇ ಕೆಲ್ಸಕ್ಕೆ ಹೊಂಟಿವಿ, ದಾರಿಗಡ್ಡ ನಿಂತ್ಕಂಡು ಎಲ್ಲಿಗೆ ಅಂತ ಕೇಳ್ತೀಯಲ್ಲವ್ವ, ನಿಂಗೆ ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ?" ಅಂತ ಅವಳ ಮೇಲೂ, "ಇವ್ರನ್ನ ಬುಟ್ಟಿರೋರು ಯಾರು?" ಅಂತ ನನ್ನ ಮೇಲೂ ಎಗರಿದರು. ನಾನು ಸರ್ಕಾರ, ಯೋಜನೆ, ರಸ್ತೆ ಅಂತ ಏನೇನೋ ತೊದಲಿದೆ. ಅವರು ಕೇಳಲಿಲ್ಲ. ಗಾಡಿ ತಿರುಗಿಸಿ ಆಂಜನೇಯನ ಗುಡಿಗೆ ಹೋಗಿ, ಕಾಯಿ ಒಡೆಸಿ, ಎಲ್ಲರೂ ಒಂದೊಂದು ಲೋಟ ನೀರು ಕುಡಿದು, ನಮ್ಮ ಕಡೆ ಮುಖ ಕೂಡ ತಿರುಗಿಸದೆ ಹೊರಟುಹೋದರು. ನನಗೆ ಅವಮಾನಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಒಂದು ಪ್ರಶ್ನೆಗೆ ಇಷ್ಟೊಂದು ರಂಪವೇ ಅಂತ ಸಿದ್ದರಾಜು ಮುಂದೆ ಗೊಣಗಿದೆ. ಅವನು ಸ್ಟೇರಿಂಗ್ ನೋಡಿಕೊಂಡು ನಕ್ಕು ಜೀಪು ಸ್ಟಾರ್ಟ್ ಮಾಡಿದ.

ಜಗಳವಾಡಿದವರು ಆ ಹಿರಿಯರು ಮಾತ್ರ. ಉಳಿದವರೆಲ್ಲ ಬಹಳ ಮರ್ಯಾದಸ್ಥರು. ಎಲ್ಲಿಗೆ ಅಂದರೆ "ಇಲ್ಲೇ" ಅನ್ನುತ್ತಿದ್ದರು. ತಲೆಯ ಮೇಲೆ ಮೂಟೆ ಹೊತ್ತವರೂ ಇಲ್ಲೇ, ಬಗಲಿಗೆ ಎರಡು ಬ್ಯಾಗು ನೇತುಹಾಕಿಕೊಂಡವರೂ ಇಲ್ಲೇ, ಬಾಣಂತಿಗೆ ಅಂತ ಕೋಳಿ ಕಟ್ಟಿಕೊಂಡು ಹೊರಟವರೂ ಇಲ್ಲೇ. "ಇಲ್ಲೇ, ಒಸಿ ಹೋಗಿ ಬತ್ತೀವಿ." ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಮಾತ್ರ ಮೊಬೈಲಿನಿಂದ ತಲೆ ಎತ್ತದೆ "ಬೆಂಗ್ಳೂರು" ಅಂದುಬಿಡುತ್ತಿದ್ದರು. ನಮ್ಮ ಹುಡುಗರು ಹೇಳಿದ್ದನ್ನು ಹೇಳಿದಂತೆ ಟ್ಯಾಬಿನಲ್ಲಿ ತುಂಬುತ್ತಿದ್ದರು. 'ಇಲ್ಲೇ' ಅಂದವರು ಅದೇ ಊರಿನೊಳಗೆ ಓಡಾಡುವವರು ಅಂತ ಲೆಕ್ಕ.

ಹೀಗೆ ನಡೆಯುತ್ತಿದ್ದಾಗ ಜಯಮ್ಮ ಸಿಕ್ಕರು.

ಕನಕಪುರ ತಾಲ್ಲೂಕಿನ ತೆಂಕಣ ತುದಿಯಲ್ಲಿ ಉಯ್ಯಂಬಳ್ಳಿ ಹೋಬಳಿ. ಅಲ್ಲಿನ ಒಂದು ಹಳ್ಳಿಯ ಗೇಟಿಗೆ ಅವತ್ತು ನಾನೇ ಹೋಗಿದ್ದೆ. ಮಂಜು ಇನ್ನೂ ಎದ್ದಿರಲಿಲ್ಲ. ಹುರುಳಿ ಹೊಲದ ಆಚೆ ಗುಡ್ಡ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಬಸ್ಸಿಗೆ ನಿಂತಿದ್ದ ಐದಾರು ಜನರಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ತಲೆಗೆ ಮಫ್ಲರು, ಸೆರಗಿನ ಮೇಲೆ ಗಂಡನದೋ ಮಗನದೋ ಹಳೇ ಸ್ವೆಟರು, ಕಂಕುಳಲ್ಲಿ ಮಡಿಸಿ ಕಟ್ಟಿದ ಪ್ಲಾಸ್ಟಿಕ್ ಚಂದ್ರಿಕೆಗಳ ಕಂತೆ. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ತಟ್ಟೆಗೆ ನಮ್ಮ ಕಡೆ ಚಂದ್ರಿಕೆ ಅನ್ನುತ್ತಾರೆ. ಬಿದಿರಿನದಾದರೆ ಬಾಗಿಲಷ್ಟು ದೊಡ್ಡದಿರುತ್ತದೆ, ಈಗ ಮಡಿಸುವಂಥದ್ದು ಬಂದಿದೆ.

"ಎಲ್ಲಿಗೆ ಹೋಗ್ತಿದ್ದೀರಮ್ಮ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ಕಣವ್ವ" ಅಂದವರೇ ಬೇರೆ ಕಡೆ ತಿರುಗಿ, ಕಲ್ಲುಬೆಂಚಿನ ಮೇಲೆ ಕೂತು, ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದು, ಮತ್ತೆ ಎದ್ದು ನಿಂತರು. ಚಂದ್ರಿಕೆ ಕಟ್ಟಿಕೊಂಡು ಅದೆಂಥ ಇಲ್ಲೇ ಅಂತ ನನಗೆ ಅನುಮಾನವೇನೋ ಬಂತು. ಅಷ್ಟರಲ್ಲಿ ಬಸ್ಸು ಬಂತು, ಅವರು ಹತ್ತಿದರು.

ಅದೇ ದಿನ ಇಳಿಹೊತ್ತಿನಲ್ಲಿ ರಾಮನಗರದ ನಿಲ್ದಾಣದಲ್ಲಿ, ಈಗ ನಾನು ನಿಂತಿರುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ, ಅದೇ ಮಫ್ಲರು, ಅದೇ ಕಂತೆ! ನನ್ನನ್ನು ಕಂಡು ಅವರಿಗೆ ನಾಚಿಕೆಯಾಯಿತು. ನನಗೆ ನಗು ತಡೆಯಲಾಗಲಿಲ್ಲ.

"ಬೆಳಿಗ್ಗೆ ಇಲ್ಲೇ ಅಂದ್ರಲ್ಲಮ್ಮ?"

"ಹೊಂಟಾಗ ಹಂಗೇ ಅನ್ನಾದು ಮೇಡಮ್ಮೋರೆ" ಅಂತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಮಾತು ಬಂತು. ಅವರು ಹೊರಟಿದ್ದದ್ದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರಕ್ಕೆ, ತಂಗಿ ಭಾಗ್ಯಳ ಮನೆಗೆ. ಜಿಲ್ಲೆಯ ಆ ತುದಿಯಿಂದ ಈ ತುದಿಗೆ. ಊರಿಂದ ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು, ಇಲ್ಲಿಂದ ಮಾಗಡಿಗೆ ಮತ್ತೊಂದು, ಅಲ್ಲಿಂದ ತಿಪ್ಪಸಂದ್ರಕ್ಕೆ ಕೊನೆಯದು. ಒಂದಕ್ಕೊಂದು ಹೊಂದಿದರೆ ಪರವಾಗಿಲ್ಲ. ಅವತ್ತು ಹೊಂದಿರಲಿಲ್ಲ, ಕನಕಪುರದಲ್ಲೇ ಮಧ್ಯಾಹ್ನವಾಗಿತ್ತು. ಕನಕಪುರದ ಬಸ್ಸು ಒಳಗೆ ಬರುವಾಗ ಮಾಗಡಿ ಬಸ್ಸು ಹೊರಗೆ ಹೋಗುತ್ತಿತ್ತಂತೆ. ಕೈ ಬೀಸಿದರೂ ನಿಲ್ಲಿಸಲಿಲ್ಲವಂತೆ.

"ಹುಳ ಹಣ್ಣಾಯ್ತಾವೆ ಅಂತ ನೆನ್ನೆ ಸಂಜೆ ಫೋನ್ ಮಾಡವ್ಳೆ. ಗಂಡ ಇಲ್ಲ, ಮಕ್ಳು ಚಿಕ್ಕವು. ಒಬ್ಳೇ ಏನ್ ಮಾಡ್ಯಾಳು? ನಾನು ಈಗ ಹೋಗಿ ಸೇರಾದ್ರೊಳ್ಗೆ ಅರ್ಧ ಹುಳ ಸೊಪ್ಪಲ್ಲೇ ನೂಲು ಬುಟ್ಬುಟ್ಟಿರ್ತಾವೆ."

ಹುಳ ಹಣ್ಣಾಗುವುದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ತಿಂದು ತಿಂದು ಬೆಳೆದ ಹುಳ ಒಂದು ದಿನ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಮೈ ಹಳದಿಗೆ ತಿರುಗುತ್ತದೆ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಎಲ್ಲಿದ್ದರೆ ಅಲ್ಲೇ ನೂಲು ಸುರಿದುಬಿಡುತ್ತದೆ, ಬೆಳೆ ಹೋಯಿತು ಅಂತಲೇ ಅರ್ಥ. ಚಳಿಗಾಲದಲ್ಲಿ ಯಾವ ದಿನ ಹಣ್ಣಾಗುತ್ತದೆ ಅಂತ ಮುಂಚೆ ಹೇಳಲೂ ಆಗುವುದಿಲ್ಲ. ಫೋನ್ ಬಂದ ತಕ್ಷಣ ಹೊರಡಬೇಕು.

ಮಾಗಡಿ ಕಡೆಗೆ ಮುಂದಿನ ಬಸ್ಸು ಯಾವಾಗ ಅಂತ ಕೇಳಿದರೆ ಕಂಟ್ರೋಲರು ಗಡಿಯಾರ ನೋಡದೆ "ಬತ್ತದೆ ಕೂತ್ಕಳಿ" ಅಂದರು. ನಾನು ಜಯಮ್ಮನ ಕೈಯಿಂದ ಕಂತೆ ತೆಗೆದು ಜೀಪಿನಲ್ಲಿಟ್ಟೆ. ಸಿದ್ದರಾಜು ಡೀಸೆಲ್ಲಿನ ಬಗ್ಗೆ ಏನೋ ಅಂದ. "ನಾಳೆ ನಮ್ಮ ಹುಡುಗರದು ಆ ಕಡೆ ಸರ್ವೆ ಇದೆಯಲ್ಲಪ್ಪ, ಇವತ್ತೇ ಜಾಗ ನೋಡಿಕೊಂಡು ಬರೋಣ" ಅಂದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ತಿಪ್ಪಸಂದ್ರ ಮುಟ್ಟಿದಾಗ ಬಿಸಿಲು ಹಳದಿಯಾಗುತ್ತಿತ್ತು. ರಸ್ತೆ ಬದಿಯಲ್ಲಿ ಅವರೆಕಾಯಿ ಮೂಟೆಗಳು, ಅವುಗಳ ಘಮ. ಊರ ಹೊರಗೆ ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ಹುಳದ ಮನೆ. ಭಾಗ್ಯ ಬಾಗಿಲಿಗೆ ಬಂದಳು. ಮೂವತ್ತೈದು ದಾಟಿರಲಾರದ ಹೆಂಗಸು, ಕಣ್ಣು ಮಾತ್ರ ಸೋತುಹೋಗಿದ್ದವು. "ಅಕ್ಕ ಬಂದ್ಬುಟ್ಲು" ಅಂತ ತನಗೆ ತಾನೇ ಹೇಳಿಕೊಂಡಳು. ಜಯಮ್ಮ ತಂಗಿಯನ್ನು ಮಾತಾಡಿಸಲೂ ನಿಲ್ಲಲಿಲ್ಲ. ಕೈಕಾಲು ತೊಳೆದು, ಸೆರಗು ಸಿಕ್ಕಿಸಿ, ನೇರ ಒಳಗೆ ನಡೆದು ಹುಳ ಆರಿಸಲು ಕೂತುಬಿಟ್ಟರು. ನಾನೂ ಕೂತೆ. ತಣ್ಣಗೆ, ಮೆತ್ತಗೆ, ಬೆರಳಿಗೆ ಅಂಟಿಕೊಳ್ಳುವ ಹುಳಗಳು. ನಾನು ಒಂದು ಆರಿಸುವಷ್ಟರಲ್ಲಿ ಅವರು ಒಂದು ಹಿಡಿ ಆರಿಸುತ್ತಿದ್ದರು.

"ಕೂಲಿಗೆ ಯಾರೂ ಸಿಗಲ್ವಾ ಭಾಗ್ಯ?"

"ಎಲ್ರ ಮನೇಲೂ ಒಂದೇ ಸಲ ಹಣ್ಣಾಯ್ತಾವಲ್ಲಕ್ಕ, ಯಾರು ಬತ್ತಾರೆ? ಅಕ್ಕ ಬಂದ್ರೆ ಬೆಳೆ, ಇಲ್ದಿದ್ರೆ ಇಲ್ಲ." ಒಂದಷ್ಟು ಹುಳ ಆರಿಸಿದ ಮೇಲೆ ತಲೆ ಎತ್ತದೆಯೇ ಹೇಳಿದಳು. "ಇನ್ನೊಂದೆರಡು ಬೆಳೆ ನೋಡ್ತೀನಿ. ಹಿಂಗೇ ಆದ್ರೆ ಬುಟ್ಬುಡ್ತೀನಿ. ತೋಟ ಸೈಟ್ ಮಾಡೋರಿಗೆ ಕೊಟ್ಬುಡು ಅಂತ ನಮ್ ಬಾವ ದಿನಾ ಬಂದು ಕುಂತ್ಕಂತಾರೆ. ತೋಟ ಹೋದ್ಮೇಲೆ ನಂಗೆ ಈ ಊರಲ್ಲಿ ಏನ್ ಕೆಲ್ಸ?"

ಜಯಮ್ಮನ ಕೈ ಇನ್ನೂ ಜೋರಾಯಿತು. ಈ ಹೆಂಗಸಿನ ಬದುಕು ಎರಡು ಬಸ್ಸು ಒಂದಕ್ಕೊಂದು ಹೊಂದುವುದರ ಮೇಲೆ ನಿಂತಿತ್ತು. ಅಂಥ ಬಸ್ಸುಗಳನ್ನು ಹೊಂದಿಸುವ ಯೋಜನೆಗೆ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ. ಆದರೆ ನಮ್ಮ ಟ್ಯಾಬಿನಲ್ಲಿ ಜಯಮ್ಮ ಅವತ್ತು ಉಯ್ಯಂಬಳ್ಳಿ ಹೋಬಳಿ ಬಿಟ್ಟು ಕದಲಿಯೇ ಇರಲಿಲ್ಲ.

ಮಾರನೇ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ದೊಡ್ಡಮ್ಮ ಎಂದಿನಂತೆ ಕೂಗಿದಳು. "ದೂರ ಹೊಂಟ್ಯಾ ಮಗ?"

'ಹೂಂ' ಅನ್ನಲು ತೆಗೆದ ಬಾಯಿ ಹಾಗೇ ನಿಂತಿತು. ಒಂದು ಚಪ್ಪಲಿ ಹಾಕಿ ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

"ದೊಡ್ಡಮ್ಮ, ನೀನು ಎಲ್ಲಿಗೆ ಅಂತ ಯಾವತ್ತೂ ಕೇಳಲ್ವಲ್ಲ, ಯಾಕೆ?"

"ಥೂ, ಬುಡ್ತು ಅನ್ನು!" ಅಂದಳು. ಲಟ್ಟಣಿಗೆಯನ್ನೇ ನನ್ನ ಕಡೆ ತೋರಿಸಿದಳು. "ಹೊಂಟೋರ್ನ ಯಾರಾದ್ರೂ ಎಲ್ಲಿಗೆ ಅಂತ ಕೇಳ್ತಾರಾ? ಹೋದ ಕೆಲ್ಸ ಆಯ್ತದಾ? ಯಾರಾದ್ರೂ ಕೇಳ್ಬುಟ್ರೆ ಒಸಿ ಕುಂತು ನೀರು ಕುಡ್ದೇ ಹೊರಡ್ಬೇಕು. ದೂರನಾ ಅಂತ ಕೇಳ್ಬೇಕು. ಹೇಳಂಗಿದ್ರೆ ಅವರೇ ಹೇಳ್ತಾರೆ. ಅಡಿಗೆಮನೆಗೆ ಚಪ್ಪಲಿ ಯಾಕ್ ತಂದೆ, ತೆಗಿ ಆಚೆಗೆ."

ನನಗೆ ಮೊದಲು ನಗು ಬಂತು, ಜೀಪಿನಲ್ಲಿ ಕೂತಮೇಲೂ ಬಿಟ್ಟೂ ಬಿಟ್ಟೂ ಬಂತು. ಸಣ್ಣವಳಿದ್ದಾಗ ಪೇಟೆಗೆ ಹೊರಟ ನಮ್ಮಪ್ಪನನ್ನು 'ಎಲ್ಲಿಗೆ' ಅಂತ ಕೇಳಿ ತಲೆಗೆ ಮೊಟಕಿಸಿಕೊಂಡದ್ದು ನೆನಪಾಯಿತು. ಇಡೀ ಸೀಮೆಯಲ್ಲಿ ಹೊರಟವರನ್ನು ಕೇಳಲೇಬಾರದ ಒಂದೇ ಒಂದು ಪ್ರಶ್ನೆಯನ್ನು ಅಚ್ಚು ಹಾಕಿಸಿ, ಪೊಲೀಸರ ಕಾವಲಿನಲ್ಲಿ ಊರೂರಿನ ಗೇಟಿಗೆ ನಿಂತು ಕೇಳುತ್ತಿದ್ದೆವು! ಕೆಂಗಲ್ಲಿನ ಆ ಹಿರಿಯರು ಬೈದದ್ದು ಕಡಿಮೆಯೇ ಆಯಿತು. ಸಿದ್ದರಾಜುವಿಗೆ ಹೇಳಿದರೆ "ಅದು ಗೊತ್ತಿತ್ತಲ್ಲ ಮೇಡಂ, ಸರ್ಕಾರದೋರು ಕೇಳ್ಬೋದೇನೋ ಅಂದ್ಕಂಡೆ" ಅಂದ.

ನಗು ನಿಂತದ್ದು ಆಫೀಸಿನಲ್ಲಿ. ಯೋಜನೆಯ ಹೊಣೆ ಹೊತ್ತಿದ್ದವರು ಮೂರ್ತಿ ಸರ್. ಮದ್ದೂರಿನ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದರು, ಕೆಲಸದಲ್ಲಿ ಬಿಗಿ, ಮನಸ್ಸು ಒಳ್ಳೆಯದು. ಅಲ್ಲಿಯವರೆಗಿನ ಸರ್ವೆಯನ್ನು ನಕ್ಷೆ ಮಾಡಿಸಿ ಗೋಡೆಗೆ ಹಾಕಿಸಿದ್ದರು. ರಾಮನಗರದಿಂದ, ಚನ್ನಪಟ್ಟಣದಿಂದ, ಕನಕಪುರದಿಂದ, ಮಾಗಡಿಯಿಂದ ಬೆಂಗಳೂರಿಗೆ ದಪ್ಪ ದಪ್ಪ ಗೆರೆಗಳು. ಉಳಿದಂತೆ ಎಲ್ಲವೂ ಬಿಡಿ ಚುಕ್ಕಿಗಳು. ಚುಕ್ಕಿ ಇಟ್ಟು ಎಳೆ ಎಳೆಯುವುದನ್ನೇ ಮರೆತ ರಂಗೋಲಿಯ ಹಾಗೆ ಕಾಣುತ್ತಿತ್ತು.

"ನೋಡ್ರಿ, ಎಷ್ಟು ಸ್ಪಷ್ಟವಾಗಿದೆ" ಅಂದರು ಮೂರ್ತಿ ಸರ್. "ಇಲ್ಲಿನ ಜನ ಒಂದೋ ಬೆಂಗಳೂರಿಗೆ ಹೋಗ್ತಾರೆ, ಇಲ್ಲಾ ಊರಲ್ಲೇ ಇರ್ತಾರೆ. ಕನಕಪುರ ಮಾಗಡಿ ಅಡ್ಡದಾರಿ ಅಂತ ಒಂದು ಯೋಚನೆ ಇತ್ತಲ್ಲ, ರಾಮನಗರದ ಮೇಲೆ ಹೋಗೋದು, ರಸ್ತೆ ಅಗಲ ಮಾಡಿ ನೇರ ಬಸ್ಸು ಹಾಕೋದು, ಅದನ್ನ ಕೈಬಿಡೋಣ. ಆ ಕಡೆ ಹೋಗೋರೇ ಇಲ್ಲ."

ನಾನು ಜಯಮ್ಮನ ಕತೆ ಹೇಳಿದೆ. ದೊಡ್ಡಮ್ಮನ ಮಾತು ಹೇಳಿದೆ. ಕೆಂಗಲ್ಲಿನ ತೆಂಗಿನಕಾಯಿಯನ್ನೂ ಬಿಡಲಿಲ್ಲ. ಅವರು ತಾಳ್ಮೆಯಿಂದಲೇ ಕೇಳಿದರು. "ಒಬ್ಬರ ಕತೆ ಇಟ್ಟುಕೊಂಡು ಇಪ್ಪತ್ತು ವರ್ಷದ ಯೋಜನೆ ಮಾಡೋಕಾಗಲ್ಲಮ್ಮ. ನಮೂನೆ ಇಡೀ ರಾಜ್ಯಕ್ಕೆ ಒಂದೇ. ಶಕುನ ನೋಡಿಕೊಂಡು ಅದನ್ನ ಬದಲಾಯಿಸ್ತೀವಿ ಅಂದರೆ ಮೇಲಿನವರು ನಗಲ್ವೇನ್ರಿ? ಈ ಕಾಲದಲ್ಲಿ ಅದನ್ನೆಲ್ಲ ಯಾರು ನಂಬ್ತಾರೆ?"

ನಂಬಿಕೆಯ ಮಾತಲ್ಲ ಸರ್, ಅಭ್ಯಾಸದ ಮಾತು ಅಂದೆ. ಅವರು ತಲೆಯಾಡಿಸಿದರು, ಅಷ್ಟೇ. ಕರಡನ್ನು ಒಪ್ಪಿಸುವ ಸಭೆ ಅವತ್ತೇ ಬೆಂಗಳೂರಿನಲ್ಲಿ. ನನ್ನ ಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ. ಭಾಗ್ಯಳ ಕಣ್ಣು ನೆನಪಾಗಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮೂರ್ತಿ ಸರ್ ಫೈಲು ಹಿಡಿದು, ಕೋಟು ಹಾಕಿಕೊಂಡು, ಬಾಗಿಲ ಹೊರಗೆ ಒಂದು ಕಾಲಿಟ್ಟರು. ನಾನು ಹಿಂದಿನಿಂದ ಕೇಳಿದೆ.

"ಸರ್, ಎಲ್ಲಿಗೆ ಹೊರಟ್ರಿ?"

ಬೇಕು ಅಂತಲೇ ಕೇಳಿದೆ. ಅದರಲ್ಲಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅವರು ನಿಂತರು. ಮುಖ ಹುಳಿ ಹುಣಿಸೆ ತಿಂದವರ ಹಾಗಾಯಿತು. "ಇಲ್ಲೇ..." ಅಂದರು. ಅಂದವರು ಹೊರಗಿಟ್ಟ ಕಾಲು ಒಳಗೆ ತೆಗೆದುಕೊಂಡು, ವಾಪಸ್ ಬಂದು, ಫೈಲು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ಲೋಟದ ನೀರು ಪೂರ್ತಿ ಕುಡಿದರು. ಲೋಟ ಕೆಳಗಿಟ್ಟಾಗ ತಾವು ಮಾಡಿದ್ದೇನು ಅಂತ ಅವರಿಗೇ ಹೊಳೆಯಿತು. ಒಮ್ಮೆ ಲೋಟ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಗೋಡೆಯ ಮೇಲಿನ ಚುಕ್ಕಿಗಳನ್ನು ನೋಡಿದರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಆಫೀಸಿನವರು ಯಾರೂ ಕೇಳಿರಲಿಲ್ಲವಂತೆ. ಪಕ್ಕದ ಕೋಣೆಯವರೆಲ್ಲ ಇಣುಕಿದರು.

"ಏನ್ರೀ ನೀವು, ನನ್ನ ಕೈಲೂ ಇಲ್ಲೇ ಅನ್ನಿಸಿಬಿಟ್ರಲ್ಲ" ಅಂದರು. ಕಣ್ಣೊರೆಸಿಕೊಂಡು ಕೇಳಿದರು. "ಸರಿ, ಹೊರಟೋರನ್ನ ಕೇಳಬಾರದು. ಮತ್ತೆ ಯಾರನ್ನ ಕೇಳ್ತೀರಾ?"

"ಬಂದೋರನ್ನ ಸರ್. ಸಂಜೆ ಹೊತ್ತು ನಿಂತು ಎಲ್ಲಿಂದ ಬಂದ್ರಿ ಅಂತ ಕೇಳ್ತೀವಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ."

ಕರಡು ಒಪ್ಪಿಸಲು ಸಭೆಯಲ್ಲಿ ಅವರು ಇನ್ನಷ್ಟು ಸಮಯ ಕೇಳಿಕೊಂಡು ಬಂದರು. ಅವರಾಗಲೀ ನಾನಾಗಲೀ ಅಲ್ಲಿ ಶಕುನದ ಮಾತು ಎತ್ತಲಿಲ್ಲ. 'ಸಂಜೆಯ ಸಂಚಾರವನ್ನೂ ಅಧ್ಯಯನ ಮಾಡುವುದು ಸೂಕ್ತ' ಅಂತ ಬರೆದುಕೊಟ್ಟೆವು. ಸರ್ಕಾರಿ ಕನ್ನಡದಲ್ಲಿ ಬರೆದರೆ ಯಾವುದಕ್ಕೂ ಗೌರವ ಬರುತ್ತದೆ.

ಆ ಮೇಲಿನ ಸಂಜೆಗಳು ನನ್ನ ಕೆಲಸದ ಬದುಕಿನಲ್ಲೇ ಅತ್ಯಂತ ಖುಷಿಯ ಸಂಜೆಗಳು. ಅದೇ ಗೇಟು, ಅದೇ ಹುಡುಗ ಹುಡುಗಿಯರು, ಅದೇ ಜನ. ಆದರೆ "ಎಲ್ಲಿಂದ ಬಂದ್ರಿ?" ಅಂದದ್ದೇ ತಡ, ಅಣೆಕಟ್ಟೆಯ ಬಾಗಿಲು ತೆಗೆದ ಹಾಗೆ ಮಾತು ಹರಿಯಿತು. ಮಗಳ ಮನೆ, ತವರು, ಬೀಗರ ಊರು, ಗೂಡಿನ ಮಾರ್ಕೆಟ್ಟು, ನಾಟಿ ರೀತಿಯಲ್ಲಿ ಉಳುಕು ತೆಗೆಯುವವರ ಮನೆ, ಗೊಂಬೆ ಮಾಡುವ ಲೇತಿಗೆ ಬೇಕಾದ ಮರ ಸಿಗುವ ಜಾಗ. ಒಬ್ಬಾಕೆ ಮಾಗಡಿಯಲ್ಲಿ ಮೊಮ್ಮಗನ ನಾಮಕರಣ ಮುಗಿಸಿ ಬಂದಿದ್ದರು. ಹೆಸರು ಚೆನ್ನಾಗಿಲ್ಲ ಅಂತ ನಮ್ಮ ಹುಡುಗನ ಅಭಿಪ್ರಾಯ ಕೇಳಿದರು. ಇನ್ನೊಬ್ಬರು ಸೀರೆ ಬಿಚ್ಚಿ ತೋರಿಸಿ ಬೀಗಿತ್ತಿಯ ಜಿಪುಣತನವನ್ನು ವಿವರಿಸಿದರು. "ಮೇಡಂ, ಮಾತಾಡಿಸೋದು ಹೇಗೆ ಅಂತ ಟ್ರೈನಿಂಗ್ ಕೊಟ್ರಿ, ಮಾತು ನಿಲ್ಲಿಸೋದು ಹೇಗೆ ಅಂತ ಹೇಳಲಿಲ್ಲ" ಅಂತ ನಮ್ಮ ಹುಡುಗಿಯರು ಗೋಳಾಡಿದರು. ದಿನಾ ಯಾರಾದರೂ ಒಬ್ಬರು ನಮ್ಮ ಜೀಪಿಗೆ ಒಂದು ಮಡಿಲು ಅವರೆಕಾಯಿ ಸುರಿದು ಹೋಗುತ್ತಿದ್ದರು. ಜಯಮ್ಮನೂ ಒಂದು ಸಂಜೆ ಸಿಕ್ಕರು. ಬೆಳೆ ಅರ್ಧ ಉಳಿಯಿತು, ಅರ್ಧ ಹೋಯಿತು ಅಂದರು. ಎಲ್ಲಿಂದ ಬಂದ್ರಿ ಅಂತ ಕೇಳುವ ಮೊದಲೇ ನಾಲ್ಕೂ ಬಸ್ಸಿನ ವಿವರ ಬರೆಸಿದರು.

ಹೊಸ ನಕ್ಷೆಯಲ್ಲಿ ಚುಕ್ಕಿಗಳಿಗೆಲ್ಲ ಎಳೆ ಬಂತು. ಬೆಂಗಳೂರಿನ ಗೆರೆ ದಪ್ಪವಾಗಿಯೇ ಇತ್ತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಆದರೆ ಅದನ್ನು ಅಡ್ಡ ಹಾಯ್ದು ಕನಕಪುರದಿಂದ ಮಾಗಡಿಗೆ, ಚನ್ನಪಟ್ಟಣದಿಂದ ಕನಕಪುರಕ್ಕೆ ಹೆಣ್ಣು ಕೊಟ್ಟು ತಂದ ದಾರಿಗಳೆಲ್ಲ ಕಂಡವು. ಮೂರ್ತಿ ಸರ್ ಬಹಳ ಹೊತ್ತು ನೋಡಿ, ಅಡ್ಡದಾರಿಯನ್ನು ಯೋಜನೆಯಲ್ಲಿ ಉಳಿಸಿದರು. ಅದರ ಬಸ್ಸನ್ನು ಮಾತ್ರ ಬೇರೆ ಮಾಡಿ ಮೊದಲ ಹಂತಕ್ಕೆ ತಂದರು. "ರಸ್ತೆ ಆಗೋವಾಗ ಆಗಲಿ. ಬಸ್ಸಿಗೆ ಜಮೀನು ಬೇಡವಲ್ಲ" ಅಂದರು.

ಅವರೆಕಾಯಿ ಮುಗಿದು ಬಿಸಿಲು ಸುರುವಾಗುವಾಗ ನನ್ನ ಗುತ್ತಿಗೆಯೂ ಮುಗಿಯಿತು. ಯೋಜನೆ ದಪ್ಪ ಪುಸ್ತಕವಾಗಿ, ಮುಖಪುಟದಲ್ಲಿ ರಾಮನಗರದ ಬಂಡೆಬೆಟ್ಟದ ಚಿತ್ರ ಹಾಕಿಸಿಕೊಂಡು, ಒಂದು ಬೀರುವಿನಿಂದ ಇನ್ನೊಂದು ಬೀರುವಿಗೆ ಹೋಯಿತು ಅಂತ ಕೇಳಿದೆ. ಮೂರ್ತಿ ಸರ್ ನಿವೃತ್ತರಾದರು. ಹೊಸ ಹೆದ್ದಾರಿ ಬಂದು ಹಳೇ ರಸ್ತೆ ಮೌನವಾಯಿತು. ಈಗ ಜಿಲ್ಲೆಗೇ ಬೆಂಗಳೂರಿನ ಹೆಸರು ಬಂದಿದೆ. ಗೋಡೆಯ ಮೇಲಿನ ಆ ಮೊದಲ ನಕ್ಷೆ ನೆನಪಾಗಿ ನನಗೆ ಕೊಂಚ ಬೇಜಾರಾಯಿತು. ಭಾಗ್ಯ ಆಗಾಗ ಫೋನ್ ಮಾಡುತ್ತಿದ್ದಳು. ನಡುವೆ ಒಂದು ವರ್ಷ ಎರಡು ಬೆಳೆ ಕೈಕೊಟ್ಟು ಅರ್ಧ ತೋಟ ಸೈಟುಗಳಾಯಿತು. ಹೇಳುವಾಗ ಅವಳು ಅಳಲಿಲ್ಲ, ನಾನು ಅತ್ತೆ. ಉಳಿದ ಅರ್ಧದ ಬಗ್ಗೆ ಕೇಳಲು ನನಗೆ ಧೈರ್ಯ ಬರುತ್ತಿರಲಿಲ್ಲ.

ನಿನ್ನೆ ಮತ್ತೆ ಅವಳ ಫೋನು. "ಅಕ್ಕ, ಕನಕಪುರದಿಂದ ಮಾಗಡಿಗೆ ನೇರ ಬಸ್ ಬುಟ್ಟವ್ರೆ. ನಮ್ಮೂರ್ ತಂಕ ಬತ್ತದೆ. ನಾಕು ಬಸ್ಸಿದ್ದಿದ್ದು ಈಗ ಎರಡೇ. ಹೋದ್ಸಲ ಹುಳ ಒಂದೂ ಹಾಳಾಗ್ಲಿಲ್ಲ. ಈಗ್ಲೂ ಹಣ್ಣಾಯ್ತಾವೆ, ನಮ್ಮಕ್ಕ ನಾಳೆ ಬತ್ತಾಳೆ. ನೀವೂ ಬನ್ನಿ."

ಟೀ ಮುಗಿಸಿ ಲೋಟ ಇಡುವಾಗ ಬಸ್ಸು ಬಂತು. ನೋಡಲು ಏನೂ ವಿಶೇಷವಿಲ್ಲ. ಕೆಂಪು ಬಣ್ಣ, ಕೆಸರಿನ ಚಕ್ರ, ಒಂದು ಕಿಟಕಿಗೆ ಗಾಜಿಲ್ಲ. ಹಣೆಯ ಬೋರ್ಡಿನಲ್ಲಿ ಕನಕಪುರ, ರಾಮನಗರ, ಮಾಗಡಿ, ತಿಪ್ಪಸಂದ್ರ ಅಂತ ಒಂದೇ ಸಾಲಿನಲ್ಲಿ ಬರೆದಿತ್ತು. ನಾಲ್ಕೂ ಹೆಸರನ್ನು ಎರಡು ಸಲ ಓದಿದೆ. ಬಸ್ಸು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು ಅಂತ ಗಂಡನಿಗೆ ಗೊತ್ತಾದರೆ ಇನ್ನೊಂದು ತಿಂಗಳು ರೇಗಿಸುತ್ತಾರೆ.

ಗಾಜಿಲ್ಲದ ಕಿಟಕಿಯ ಪಕ್ಕದಲ್ಲೇ ಜಯಮ್ಮ ಕೂತಿದ್ದರು. ಮಫ್ಲರಿನ ಕೆಳಗೆ ಕೂದಲು ಬೆಳ್ಳಗಾಗಿತ್ತು. ಕಾಲ ಬಳಿ ಚಂದ್ರಿಕೆಯ ಕಂತೆ. ನನ್ನನ್ನು ಗುರುತು ಹಿಡಿಯಲು ಕಣ್ಣು ಕಿರಿದು ಮಾಡಿದರು. ನಾನು ಕಿಟಕಿಯ ಕೆಳಗೆ ನಿಂತು, ದೊಡ್ಡಮ್ಮ ಕಲಿಸಿದ ಹಾಗೆ ಕೇಳಿದೆ.

"ದೂರ ಹೊಂಟ್ರಾ ಜಯಮ್ಮೋರೆ?"

ಅವರ ಮುಖ ಅರಳಿತು. ಕಂತೆಯನ್ನು ಸರಿಸಿ ಪಕ್ಕದಲ್ಲಿ ನನಗೆ ಜಾಗ ಮಾಡುತ್ತಾ ಅಂದರು.

"ದೂರ ಎಲ್ ಬಂತು ಮೇಡಮ್ಮೋರೆ? ಇಲ್ಲೇ, ನನ್ ತಂಗಿ ಮನೆಗೆ."